ಪುಟ್ಟನಿಗೆ ಅತ್ತೆಯ ಕಾಗದ

ಮಂಡ್ಯ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ಈ ಕಾಗದ ಓದಿ ನಿನ್ನ ಹತ್ತಿರವೇ ಇಟ್ಟುಕೋ. ನಿನ್ನ ವಿಷಯ ನಮ್ಮಿಬ್ಬರಲ್ಲೇ ಇರಲಿ.

ಮೊನ್ನೆ ಚಾಮುಂಡಿ ಬೆಟ್ಟ ಹತ್ತುವಾಗ, ನಂದಿ ಸಿಗುವ ಮುಂಚೆಯೇ ನೀನು ಮೂರು ಸಲ ಕೂತೆ. ಬಿಸಿಲು ಜಾಸ್ತಿ ಅಂದೆ. ಬೆಳಗ್ಗೆ ಆರೂವರೆಗೆ ಎಂಥ ಬಿಸಿಲು ಪುಟ್ಟ? ನಿನಗೆ ಇನ್ನೂ 35. ಮೊಣಕಾಲ ಮೇಲೆ ಕೈಯೂರಿ ನೀನು ಉಸಿರೆಳೆಯುತ್ತಿದ್ದದ್ದು ನೋಡಿ ನನಗೆ ನಿನ್ನ ಮಾವ ನೆನಪಾದರು.

ಅವರಿಗೆ ಆಲೆಮನೆಯ ಹೊಗೆ, ಅದರ ಮೇಲೆ ದಿನಕ್ಕೊಂದು ಕಟ್ಟು ಬೀಡಿ. ಕೊನೆಕೊನೆಗೆ ಅಂಗಿಗೆ ಎರಡು ಗುಂಡಿ ಹಾಕಿ, ಮಂಚದ ಅಂಚು ಹಿಡಿದು ಸುಧಾರಿಸಿಕೊಂಡು, ಆಮೇಲೆ ಮೂರನೆಯದಕ್ಕೆ ಕೈ ಹಾಕುತ್ತಿದ್ದರು. ವರ್ಷಗಟ್ಟಲೆ ಬರೀ ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದರು. ಯಂತ್ರಕ್ಕೆ ಊದಿಸಿ ಉಸಿರು ಅಳೆದು ನೋಡಿದವರೇ ಇಲ್ಲ. ನರ್ಸ್ ಆಗಿದ್ದ ನಾನೂ ಕೇಳಲಿಲ್ಲ. ಆ ನೋವು ಇನ್ನೂ ಇದೆ.

ಮಾವ ಆ ಸ್ಥಿತಿಗೆ ಬಂದದ್ದು ಅರವತ್ತು ದಾಟಿದ ಮೇಲೆ. ನಿನ್ನ ಹಾಗೆ ಎಚ್‌ಐವಿ ಇರುವವರಿಗೆ ಮಾವನಿಗಿದ್ದ ಈ ಸಿಒಪಿಡಿ, ಅಂದರೆ ಶ್ವಾಸಕೋಶ ಕೆಟ್ಟು ಉಸಿರು ಕಟ್ಟುವ ಕಾಯಿಲೆ, ಇನ್ನೂ ಬೇಗ ಬರಬಹುದು. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೂ ಶ್ವಾಸಕೋಶದ ಕೆಲವು ಜೀವಕೋಶಗಳಲ್ಲಿ ಅದು ಅಡಗಿ ಕೂತಿರುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಉರಿಊತ ಇರುತ್ತದೆ. ನೀನು ಸಿಗರೇಟ್ ಎಳೆದಾಗಲೆಲ್ಲ ಆ ಕೆಂಡಕ್ಕೆ ಗಾಳಿ ಹಾಕಿದಂತೆ. ಗಾಳಿಚೀಲಗಳ ತೆಳು ಗೋಡೆ ಒಮ್ಮೆ ಹರಿದರೆ ಮತ್ತೆ ಕೂಡುವುದಿಲ್ಲ. ಇನ್‌ಹೇಲರ್ ಉಸಿರನ್ನು ಸ್ವಲ್ಪ ಹಗುರ ಮಾಡಬಹುದು, ಅಷ್ಟೇ.

ನೀನು ಎಂಟು ವರ್ಷದಿಂದ ಒಂದು ರಾತ್ರಿಯೂ ತಪ್ಪದೆ ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗಿದ್ದೀಯ. ಮದುವೆಮನೆಯಲ್ಲೂ ಅಲಾರಂ ಹೊಡೆದ ತಕ್ಷಣ ಎದ್ದು ಹೋಗುತ್ತೀಯ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಆಯಸ್ಸನ್ನು ಸಿಗರೇಟಿಗೆ ಕೊಡುವುದಾ? 2013ರಲ್ಲಿ ಡೆನ್ಮಾರ್ಕಿನವರು ಒಂದು ಲೆಕ್ಕ ಪ್ರಕಟಿಸಿದರು. ಒಳ್ಳೆಯ ಚಿಕಿತ್ಸೆಯಲ್ಲಿರುವ, ನಿನ್ನದೇ 35ರ ವಯಸ್ಸಿನ ಎಚ್‌ಐವಿ ಇರುವವರಲ್ಲಿ ವೈರಸ್ಸಿನಿಂದ ಹೋಗುವ ಆಯಸ್ಸು ಸುಮಾರು 5 ವರ್ಷ. ಸಿಗರೇಟಿನಿಂದ ಹೋಗುವುದು 12 ವರ್ಷ. ಓದಿ ಸುಮ್ನೆ ಕೂತುಬಿಟ್ಟೆ.

ಸ್ಪೈರೋಮೆಟ್ರಿ, ಅಂದರೆ ಉಸಿರು ಅಳೆಯುವ ಪರೀಕ್ಷೆ, ಮಾಡಿಸಲೇಬೇಕು. ಜೋರಾಗಿ ಊದುವುದು, ಅಷ್ಟೇ, ನೋವಿಲ್ಲ. ನಾಚಿಕೊಳ್ಳದೆ ಎದೆ ಡಾಕ್ಟರಿಗೆ ನಿನ್ನ ಮಾತ್ರೆಗಳ ಹೆಸರು ಹೇಳು. ರಿಟೋನವಿರ್ ಎಂಬ ಔಷಧಿ ಇರುವ ಎಚ್‌ಐವಿ ಮಾತ್ರೆಗೂ ಕೆಲವು ಸ್ಟಿರಾಯ್ಡ್ ಇನ್‌ಹೇಲರ್‌ಗೂ ಆಗಿಬರುವುದಿಲ್ಲ.

ಸಿಗರೇಟು ಬಿಡುವುದು ಸುಲಭ ಅಲ್ಲ, ನನಗೆ ಗೊತ್ತು. ಮಾವ ನಾಲ್ಕು ಸಲ ಬಿಟ್ಟು ಮತ್ತೆ ಹಿಡಿದರು. ಈಗ ನಿಕೋಟಿನ್ ಗಮ್ ಇದೆ, ಮಾತ್ರೆ ಇದೆ. ಪ್ಯಾಕಿನ ಮೇಲಿರುವ 1800-11-2356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ದಾರಿ ಹೇಳುತ್ತಾರೆ. ಈಗ ಬಿಟ್ಟರೂ ಉಸಿರು ಕುಗ್ಗುವ ವೇಗ ತಗ್ಗುತ್ತದೆ.

ಸೋಮವಾರ ಬೆಳಗ್ಗೆ ಎಂಟಕ್ಕೆ ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಆಸ್ಪತ್ರೆಗೆ ಜೊತೆಯಲ್ಲೇ ಹೋಗೋಣ. ಮಾತ್ರೆ ಡಬ್ಬಿ, ಹಳೇ ರಿಪೋರ್ಟು ಮರೆಯದೆ ತಗೊಂಡು ಬಾ.

ನಿನ್ನ ಅತ್ತೆ