ನೀನು ಬರೆದ ಆ ಕೊನೇ ಸಾಲು

ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ಅದನ್ನ ಬಿಡೋಣ. ಮದುವೆ ವಿಷಯಾನೂ ಎತ್ತಲ್ಲ, ಹೆದರ್ಬೇಡ. ನಿನ್ನ ಮೇಲ್‌ನ ಕೊನೇಲಿ ಒಂದು ಸಾಲಿತ್ತಲ್ಲ, "ಮಾವ, ಇಷ್ಟೆಲ್ಲ ಕೂಡಿಡ್ತಿದೀನಿ, ನಾನು ಹೋದ್ಮೇಲೆ ಗುಜರಿಯವನಿಗೇ ತಾನೆ" ಅಂತ, ಅದನ್ನ ಓದಿದಾಗಿಂದ ಸರಿಯಾಗಿ ನಿದ್ದೆ ಇಲ್ಲ. ಕೋರ್ಟಿಂದ ಬಂದು ಹಳೇ ಕ್ರಯಪತ್ರ, ಛಾಪಾ ಕಾಗದ, ಸವೆದ ಕಾಸು ಹರಡ್ಕೊಂಡು ಕೂರೋಳು ನೀನು. 32 ವರ್ಷಕ್ಕೇ ಹೋಗೋ ಮಾತು ಯಾಕೆ?

ಹೋದ ವರ್ಷ ಮಗಳ ಮನೆಗೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿದ್ದಾಗ ನಿನ್ನಂಥವನೇ ಒಬ್ಬ ಸಿಕ್ಕಿದ್ದ, ಅಂದ್ರೆ ಸತ್ತು ನಾನೂರು ವರ್ಷದ ಮೇಲಾಗಿದೆ. ಬೇಸಿಲಿಯಸ್ ಅಮರ್‌ಬಾಖ್ ಅಂತ, 1533ರಲ್ಲಿ ಹುಟ್ಟಿದವ, ಅಲ್ಲಿನ ಯೂನಿವರ್ಸಿಟೀಲಿ ಲಾ ಪ್ರೊಫೆಸರ್. ಅಪ್ಪನೂ ಲಾ ಪ್ರೊಫೆಸರೇ, ಆ ಕಾಲದ ದೊಡ್ಡ ವಿದ್ವಾಂಸ ಎರಾಸ್ಮಸ್‌ನ ಆಸ್ತಿಗೆ ವಾರಸುದಾರ ಆಗಿದ್ದವ. ಇವನಿಗೆ ಮದುವೆಯಾಗಿ ಸ್ವಲ್ಪ ಕಾಲಕ್ಕೇ ಹೆಂಡ್ತಿ, ಮಗು ಇಬ್ರೂ ಹೋದ್ರು, 1562ರಲ್ಲಿ ಅಪ್ಪನೂ ಹೋದ. ಮತ್ತೆ ಮದುವೆ ಆಗ್ಲಿಲ್ಲ. ಪಾಠ ಹೇಳ್ಕೊಂಡು, ಕಾನೂನು ಸಲಹೆ ಕೊಟ್ಕೊಂಡು ಕೂಡಿಟ್ಟ ನೋಡು, ಚಿತ್ರ, ರೇಖಾಚಿತ್ರ, ಅಚ್ಚಿನ ಚಿತ್ರ ಸಾವಿರಗಟ್ಟಲೆ, ರೋಮನ್ ನಾಣ್ಯ, ಅಕ್ಕಸಾಲಿಗರ ಮಾದರಿಗಳು ಕೂಡ. ಅದಕ್ಕಂತ್ಲೇ ಮನೇಲಿ ಒಂದು ಕೋಣೆ ಕಟ್ಟಿಸಿದ. ಹೋಲ್ಬೈನ್ ಅನ್ನೋ ಚಿತ್ರಕಾರ ಬರೆದ ಸತ್ತ ಏಸುವಿನ ಚಿತ್ರ ಅವನ ಹತ್ರ ಇದ್ದಿದ್ದೇ, ಎರಡು ಮೀಟರ್ ಉದ್ದ, ಎತ್ತರ ಒಂದಡಿ ಅಷ್ಟೆ. ಆ ಕೈ ಹಸಿರಾಗಿ, ಬೆರಳು ಬಟ್ಟೆ ಮೇಲೆ ಸೆಟೆದ್ಕೊಂಡಿದೆ. ನಾನು ಜಾಸ್ತಿ ಹೊತ್ತು ನಿಲ್ಲೋಕಾಗ್ಲಿಲ್ಲ.

ಅವನಿಗೂ ನಿನ್ನ ಭಯವೇ ಇದ್ದಿರ್ಬೇಕು ಅಂತ ನನ್ನ ಊಹೆ. ಮಕ್ಕಳಿಲ್ಲ, ಪೆಟ್ಟಿಗೆ ತುಂಬ ಸಾಮಾನು. ಆದ್ರೂ ಊರಾಚೆ ಔಗ್ಸ್ಟ್‌ನಲ್ಲಿ ಜನ ಯಾವುದೋ ಹಳೇ ಕೋಟೆ ಅಂದ್ಕೊಂಡಿದ್ದ ಕಲ್ಲುಗುಡ್ಡೇನ 1588ರಿಂದ ಅಳೆದೂ ಅಳೆದೂ, ಚಿತ್ರಕಾರನ್ನ ಕರ್ಕೊಂಡೋಗಿ ನಕ್ಷೆ ಬರೆಸಿ, ಇದು ರೋಮನ್ನರ ನಾಟಕಶಾಲೆ ಅಂತ ಗುರುತಿಸಿದ. 1591ರಲ್ಲಿ ತೀರ್ಕೊಂಡ.

ಸಾಮಾನು ಯಾರಿಗೆ ಹೋಯ್ತು ಗೊತ್ತಾ? ಅಕ್ಕತಂಗಿಯ ಮಗನಿಗೆ, ಅವನೂ ಲಾಯರೇ. ನಮ್ಮ ದಕ್ಷಿಣ ಕನ್ನಡದ ಅಳಿಯಕಟ್ಟು, ಅದೇ ಸೋದರಳಿಯನಿಗೆ ಆಸ್ತಿ ಹೋಗೋ ಪದ್ಧತಿ, ಅಲ್ಲಿಗೂ ಹೋಗಿತ್ತಾ ಅಂತ ನಗು ಬಂತು ನಂಗೆ. 70 ವರ್ಷ ಅವರ ಮನೇಲೇ ಇತ್ತು, ಆಮೇಲೆ ಆಮ್‌ಸ್ಟರ್‌ಡಾಂಗೆ ಮಾರಿ ಹೋಗೋದ್ರಲ್ಲಿತ್ತು, 1661ರಲ್ಲಿ ಊರೂ ಯೂನಿವರ್ಸಿಟೀನೂ ಸೇರಿ 9000 ತಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಟ್ಟು ಉಳಿಸ್ಕೊಂಡ್ರು. 1671ರಿಂದ ಜನಕ್ಕೆ ನೋಡೋಕೆ ಬಿಟ್ರು. ಅದು ಅದೃಷ್ಟ, ಸುಳ್ಳು ಹೇಳಲ್ಲ. ನಿನ್ನ ಪೆಟ್ಟಿಗೆಗೂ ಹಾಗೇ ಆಗುತ್ತೆ ಅಂತ ನಾನ್ಯಾವ ಬಾಯಲ್ಲಿ ಹೇಳ್ಲಿ.

ಯಾಕಂದ್ರೆ ಗುಜರಿಯವನಿಗೆ ಕೊಟ್ಟವನು ನಾನೇ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ, ಮಳೇಲಿ ಹಾಳಾಯ್ತು ಅಂತ ಹೇಳಿದ್ದೆ. ನಿಮ್ಮ ತಾತನ ಕಬ್ಬಿಣದ ಟ್ರಂಕು, ಒಂದೊಂದು ಕಾಸನ್ನೂ ಹಳೇ ಪಂಚಾಂಗದ ಹಾಳೇಲಿ ಸುತ್ತಿ ದಾರ ಕಟ್ಟಿಟ್ಟಿದ್ರು. ಮನೆ ಖಾಲಿ ಮಾಡೋ ದಿನ, ಲಾರಿ ಬಂದು ನಿಂತಿದೆ, ಬಿಸಿಲು, ಏನಿದೆ ಅಂತ ಬಿಚ್ಚಿ ನೋಡೋ ತಾಳ್ಮೆ ಇರ್ಲಿಲ್ಲ. ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲಿ ಕೊಟ್ಬಿಟ್ಟೆ. ಯಾವುದು ಎಲ್ಲಿಂದ ಬಂತು ಅಂತ ಅಪ್ಪ ಒಂದು ಚೀಟಿ ಬರ್ದಿಟ್ಟಿದ್ರೆ ನನ್ನ ಕೈ ತಡೀತಿತ್ತೇನೋ. ತಪ್ಪು ಅಪ್ಪಂದು ಅಂತಲ್ಲ, ನಂದೇ.

ಬಾಸೆಲ್‌ನವನು ತನ್ನ ಸಾಮಾನಿನ ಪಟ್ಟಿ ತಾನೇ ಕೂತು ಬರ್ದಿದ್ದ, 1586ರದ್ದು ಈಗ್ಲೂ ಇದೆ. ನೀನೂ ಒಂದು ನೋಟ್‌ಬುಕ್ ಇಡು, ಯಾರ ಮನೆದು, ಯಾರು ಕೊಟ್ರು ಅಂತ. ನೀನು ಲಾಯರು, ನಿಂಗೇನು ಹೇಳೋದು, ಬೇಜಾರಾಗ್ಬೇಡ. ಹಾಂ, ಆ ಕ್ರಯಪತ್ರಗಳಿಗೆ ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡ. ವಿಲ್ ಬರಿ ಅಂತ ಹೇಳೋಣ ಅಂದ್ಕೊಂಡೆ, ಈ ವಯಸ್ಸಿನೋಳಿಗೆ ಅದೇನು ಮಾತು ಅಂತ ಬಿಟ್ಟೆ.

ಟ್ರಂಕಿಂದ ಉರುಳಿದ್ದ ಆನೆ ಚಿತ್ರದ ಒಂದು ಕಾಸು ಆಮೇಲೆ ಕಸ ಗುಡಿಸುವಾಗ ಸಿಕ್ತು, ಹಾಳೆ ಸಮೇತ. ಕೊರಿಯರ್‌ನ ನಂಬಲ್ಲ, ದಸರಾಗೆ ಬಂದಾಗ ತಗೊಂಡ್ಹೋಗು. ಹಾಳೇನ ಎಸೀಬೇಡ, ಅಂಚಲ್ಲಿ ಪೆನ್ಸಿಲ್ಲಲ್ಲಿ ಅಪ್ಪ ಏನೋ ಬರ್ದಿದಾರೆ, ನನ್ನ ಕಣ್ಣಿಗೆ ಕಾಣ್ತಿಲ್ಲ, ನೀನು ಓದಿ ಹೇಳು.

ನಿನ್ನ ಮಾವ