ಕೇಬಲ್ ಹಿಡಿದು ಇಳಿದವನ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಒಂದು ಸಾಲು ಓದುತ್ತೇನೆ: ‘ಹೆಲಿಕಾಪ್ಟರ್ ಮೂಲಕ ರಕ್ಷಿಸಲಾಯಿತು.’ ಯಾರು ರಕ್ಷಿಸಿದರು ಅಂತ ಇರುವುದಿಲ್ಲ.

ನಾನು ಧಾರವಾಡದವನು. ಕೊಲಾಬದ ನೌಕಾನೆಲೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದೆ. ಅಲ್ಲಿನ ಚೇತಕ್ ಹೆಲಿಕಾಪ್ಟರ್‌ಗೆ ಇರುವುದು ಒಂದೇ ಎಂಜಿನ್. ಸಮುದ್ರದ ಮೇಲೆ ಅದು ಕೈಕೊಟ್ಟರೆ ಇಳಿಯಲು ನೆಲವಿಲ್ಲ. ಕೆಳಗೆ ಹಡಗು ಹೊಯ್ದಾಡುತ್ತಿರುವಾಗ ಮೇಲೆ ಇದು ಅಲುಗದೆ ನಿಲ್ಲಬೇಕು. ನೇರ ತನ್ನ ಕೆಳಗಿರುವ ಮನುಷ್ಯ ಪೈಲಟ್‌ಗೆ ಕಾಣುವುದೇ ಇಲ್ಲ. ಬಾಗಿಲ ಹತ್ತಿರ ನಿಂತು ಕೇಬಲ್ ಇಳಿಸುವ, ಎಳೆಯುವ ವಿಂಚ್ ಆಪರೇಟರ್ ಮುಂದೆ, ಬಲಕ್ಕೆ, ಸಾಕು ಅನ್ನುತ್ತಾನೆ. ಅವನ ಮಾತು ನಂಬಿ ಹಾರಿಸಬೇಕು. ಡೈವರ್ ಕೇಬಲ್‌ನಲ್ಲಿ ಇಳಿಯುತ್ತಾನೆ. ಅದು ಎಲ್ಲಾದರೂ ಸಿಕ್ಕಿಕೊಂಡು ಹೆಲಿಕಾಪ್ಟರ್‌ಗೇ ಅಪಾಯ ಬಂದರೆ ಕೇಬಲ್ ಕತ್ತರಿಸಬೇಕಾಗುತ್ತದೆ. ಇದು ಡೈವರ್‌ಗೆ ಗೊತ್ತಿರುತ್ತದೆ. ಗೊತ್ತಿದ್ದೇ ಇಳಿಯುತ್ತಾನೆ.

ವಾಪಸ್ ಬಂದ ಮೇಲೆ ಎಂಜಿನ್‌ಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವುದು ನಮ್ಮ ಕೆಲಸ. ಒಂದು ರಾತ್ರಿ ಹಾಗೆ ತೊಳೆಯುವಾಗ ಡೈವರ್ ಹ್ಯಾಂಗರ್ ಗೋಡೆಗೆ ಒರಗಿ ಸುಮ್ನೆ ಕೂತಿದ್ದ. ಎಷ್ಟು ಜನರನ್ನು ತಂದೆ ಅಂತ ಕೇಳಿದೆ. ಸಿಗದೇ ಹೋದ ಒಬ್ಬನ ಬಗ್ಗೆಯೇ ಹೇಳಿದ.

2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿ ‘ಹರಿ ಲೀಲಾ’ ಎಂಬ ಟ್ಯಾಂಕರ್‌ನಲ್ಲಿ ಒಬ್ಬ ಸಿಬ್ಬಂದಿಗೆ ತೀವ್ರ ಗಾಯವಾಗಿತ್ತು. ಅವನನ್ನು ಕರೆತರಲು ಹೋದ ಕೋಸ್ಟ್ ಗಾರ್ಡ್‌ನ ಧ್ರುವ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಗುಜರಾತಿನ ಮಳೆಯಲ್ಲಿ ಆಗಷ್ಟೇ 67 ಜನರನ್ನು ಕಾಪಾಡಿದ್ದ ಹೆಲಿಕಾಪ್ಟರ್ ಅದು. ನಾಲ್ವರಲ್ಲಿ ಒಬ್ಬ ಡೈವರ್ ಉಳಿದ. ವಿಪಿನ್ ಬಾಬು, ಕರಣ್ ಸಿಂಗ್, ರಾಕೇಶ್ ಕುಮಾರ್ ರಾಣಾ ತೀರಿಕೊಂಡರು. ಪೈಲಟ್ ರಾಣಾ ಅವರ ದೇಹ ಸಿಕ್ಕಿದ್ದು ಒಂದು ತಿಂಗಳಿಗೂ ಜಾಸ್ತಿ ಕಳೆದು, ಅಕ್ಟೋಬರ್‌ನಲ್ಲಿ. ಅಷ್ಟು ದಿನ ಆ ಮನೆಯವರು ಹೇಗೆ ಊಟ ಮಾಡಿದರೋ, ಹೇಗೆ ನಿದ್ದೆ ಮಾಡಿದರೋ. ದೇಹ ಸಿಕ್ಕ ಸುದ್ದಿಯನ್ನು ನಾನು ಇಂಟರ್‌ನೆಟ್‌ನಲ್ಲಿ ಹುಡುಕಿ ಓದಬೇಕಾಯಿತು.

2025ರ ಜನವರಿ 5ರಂದು ಪೋರಬಂದರಿನಲ್ಲೇ ಇನ್ನೊಂದು ಧ್ರುವ ಬಿದ್ದು ಮತ್ತೆ ಮೂವರು ಹೋದರು. ಧ್ರುವ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು, ನನಗೆ ಹೆಮ್ಮೆ ಇದೆ. ಅದಕ್ಕೇ ಅದು ಯಾಕೆ ಬಿತ್ತು, ಏನು ಸರಿಪಡಿಸಿದರು ಎಂಬುದನ್ನು ಕನ್ನಡ ಪತ್ರಿಕೆಗಳೇ ಬೆನ್ನುಹತ್ತಿ ಕೇಳಬೇಕು, ಅಲ್ವಾ?

ಈ ಮಳೆಗಾಲದಲ್ಲಿ ಇಂಥ ಸುದ್ದಿ ಬಂದಾಗ ಪೈಲಟ್, ವಿಂಚ್ ಆಪರೇಟರ್, ಡೈವರ್ ಯಾರು ಅಂತ ದಯವಿಟ್ಟು ವಿಚಾರಿಸಿ. ಹೆಸರು ಕೊಟ್ಟರೆ ಹಾಕಿ. ಯಾರಾದರೂ ಕಾಣೆಯಾದರೆ, ಅವರು ಸಿಗುವವರೆಗೂ ಸುದ್ದಿ ನಿಲ್ಲಿಸಬೇಡಿ.

– ನಿವೃತ್ತ ನಾವಿಕ, ಡೊಂಬಿವಲಿ ಪೂರ್ವ