ಸಚಿವರೇ, ಪುಟ ಎಣಿಸಿ ಪುಸ್ತಕ ಕೊಳ್ಳುವುದನ್ನು ನಿಲ್ಲಿಸಿ

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರ.

ನಿಮ್ಮ ಇಲಾಖೆಯ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಒಂದು ಯೋಜನೆ ಇದೆ. ಒಳ್ಳೆಯ ಯೋಜನೆ. ಹಳ್ಳಿಯ ಎಷ್ಟೋ ಹುಡುಗ ಹುಡುಗಿಯರ ಮೊದಲ ಪುಸ್ತಕ ಬಂದದ್ದು ಅದರಿಂದಲೇ. ಮುಂದಿನ ಸಲ ಅರ್ಜಿ ಕರೆದಾಗ ಬರುವ ಹಸ್ತಪ್ರತಿಗಳಲ್ಲಿ ಎಷ್ಟನ್ನು ಮನುಷ್ಯರು ಬರೆದಿರುತ್ತಾರೆ, ಎಷ್ಟನ್ನು ಎಐ ಬರೆದಿರುತ್ತದೆ? ಅದನ್ನು ಕೇಳುವ ಒಂದು ಸಾಲಾದರೂ ಅರ್ಜಿಯಲ್ಲಿ ಇರಬೇಕಲ್ವಾ? ಇಲ್ಲಿಂದ ಶುರು ಮಾಡಿ, ಪುಟದ ಲೆಕ್ಕದಲ್ಲಿ ಪುಸ್ತಕ ಕೊಳ್ಳುವ ಗ್ರಂಥಾಲಯ ಖರೀದಿಯವರೆಗೂ ನನ್ನ ಮಾತು ಹೋಗುತ್ತದೆ.

ನಾನು ಶಿವಮೊಗ್ಗ ಜಿಲ್ಲೆಯವಳು. ಕಥೆ ಬರೆಯುತ್ತೇನೆ, ಅನುವಾದದಿಂದ ಜೀವನ ನಡೆಸುತ್ತೇನೆ. ಬ್ಯಾಂಕಿನ ಫಾರಂ, ಆರೋಗ್ಯದ ಕರಪತ್ರ, ಮೊಬೈಲ್ ಆ್ಯಪಿನ ಸೂಚನೆ, ಇಂಥವೇ ನನ್ನ ಅನ್ನ. ಮೊದಲು ಪದಕ್ಕೆ ಒಂದೂವರೆ ರೂಪಾಯಿ ಕೊಡುತ್ತಿದ್ದ ಒಂದು ಕಂಪನಿ ಈಗ ಎಐ ಮಾಡಿದ ಅನುವಾದ ಕಳಿಸಿ, ಸುಮ್ನೆ ಒಂದು ಸಲ ನೋಡಿ ತಿದ್ದಿಕೊಡಿ ಅನ್ನುತ್ತದೆ. ಪದಕ್ಕೆ 40 ಪೈಸೆ. ಕನ್ನಡದ ಹಾಗೆ ಕಾಣುವ, ಆದರೆ ಯಾರೂ ಆಡದ ವಾಕ್ಯವನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಅದರ ಲೆಕ್ಕ ಯಾರಿಗೂ ಬೇಡ. ನನ್ನಂಥವರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ.

ಎಐ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಜಿ, ಸುತ್ತೋಲೆ, ಉದ್ದದ ವರದಿಯ ಸಾರಾಂಶ, ಇವನ್ನು ಅದು ಚೆನ್ನಾಗಿಯೇ ಬರೆಯುತ್ತದೆ. ಸಭೆಯ ಸ್ವಾಗತ ಭಾಷಣವನ್ನೂ ಬರೆದುಕೊಡುತ್ತದೆ. ಆಗಲೇ ಸಾವಿರ ಸಲ ಬರೆದದ್ದನ್ನು ಮತ್ತೊಮ್ಮೆ ಬರೆಯುವುದರಲ್ಲಿ ನಾವು ಅದರ ಜೊತೆ ಪೈಪೋಟಿ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕಾಲೇಜು ಮಕ್ಕಳು ಸಿಕ್ಕಾಗ ನನ್ನನ್ನು ಕೇಳುತ್ತಾರೆ: ಮೇಡಂ, ಇನ್ನು ನಾವು ಬರೆಯೋದು ಯಾಕೆ? ಇನ್ನೂ ಯಾರೂ ಬರೆಯದೇ ಇರುವುದು ತುಂಬಾ ಇದೆ, ಅದಕ್ಕೇ ಬರೆಯಿರಿ ಅನ್ನುತ್ತೇನೆ.

ನಮ್ಮ ಕಡೆಯದ್ದೇ ಹೇಳುತ್ತೇನೆ. ಮಲೆನಾಡಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಂತು. ಎಐ ಕೇಳಿದರೆ ಶಿಲೀಂಧ್ರದ ಹೆಸರು ಹೇಳುತ್ತದೆ, ಯಾವ ಔಷಧಿ ಎಷ್ಟು ಹೊಡೆಯಬೇಕು ಅಂತ ಹೇಳುತ್ತದೆ. ಆದರೆ ರೋಗ ಬಿದ್ದ ತೋಟದಲ್ಲಿ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರನ ಪಾಡು ಏನಾಯಿತು? ಫಸಲು ಇಳಿದಾಗ ಅವನ ಕೂಲಿ ಏನಾಯಿತು, ಮಗನಿಗೆ ಮರ ಹತ್ತುವುದನ್ನು ಕಲಿಸಿದನಾ ಬಿಟ್ಟನಾ, ತೋಟ ಮಾರಿದ ಮನೆಯ ಹೆಣ್ಣುಮಕ್ಕಳು ಹಬ್ಬಕ್ಕೆ ಬಂದರೆ ಈಗ ಯಾರ ಮನೆಯಲ್ಲಿ ಇಳಿಯುತ್ತಾರೆ? ಇದನ್ನೆಲ್ಲ ಯಾರಾದರೂ ಹೋಗಿ, ಕೂತು, ಕೇಳಿ ಬರೆಯಬೇಕು. ನಾನು ಹೋಗಿದ್ದೇನೆ. ಮೊದಲ ದಿನ ಅವರು ಆಫೀಸರಿಗೆ ಹೇಳುವುದನ್ನೇ ನಮಗೂ ಹೇಳುತ್ತಾರೆ. ಸಬ್ಸಿಡಿ ಬಂದಿಲ್ಲ, ಔಷಧಿ ಸಿಗಲ್ಲ, ಇಷ್ಟೇ. ಮತ್ತೆ ಮತ್ತೆ ಹೋಗಿ, ನಾನು ಯಾರ ಮಗಳು ಅಂತ ಗೊತ್ತಾದ ಮೇಲೆ, ಒಬ್ಬರು ಹೇಳಿದರು: "ರೋಗದ ಮರ ಹತ್ತೋಕೆ ಹೆದರಿಕೆ ಆಗುತ್ತೆ ಅಕ್ಕಾ. ಆಗಲ್ಲ ಅನ್ನೋಣ ಅಂದ್ರೆ ತೋಟದವರ ಹತ್ರ ಸಾಲ ಇದೆ." ಒಬ್ಬ ಮನುಷ್ಯ ದಿನಾ ಬೆಳಗ್ಗೆ ಯಾವ ಹೆದರಿಕೆ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾನೆ ಅಂತ ನನಗೆ ತಿಳಿದದ್ದು ಆಗ. ಯಾವ ವರದಿಯಲ್ಲೂ ನಾನು ಇದನ್ನು ಓದಿರಲಿಲ್ಲ.

ನಾನು ಅದನ್ನು ತಪ್ಪಾಗಿ ಬರೆದರೆ ಆ ಮನುಷ್ಯ ಸಂತೆಯಲ್ಲಿ ನನ್ನನ್ನು ಹಿಡಿದು ಕೇಳುತ್ತಾರೆ. ಅವರ ಮಾಲೀಕರೂ ಕೇಳುತ್ತಾರೆ. ನನ್ನ ಹೆಸರು ಅದರ ಮೇಲಿದೆ, ನಾನು ಉತ್ತರ ಕೊಡಬೇಕು. ಬರಹಗಾರರು ಇನ್ನೂ ಬೇಕು ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು. ಎಐ ತಪ್ಪು ಬರೆದರೆ ಕ್ಷಮಿಸಿ ಅಂತ ಇನ್ನೊಂದು ಪ್ಯಾರಾ ಬರುತ್ತದೆ, ಅಷ್ಟೇ. ಊರಿನವರ ಮುಂದೆ ನಿಂತು ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಹೀಗೆ ಬರೆಯುವುದಕ್ಕೆ ತಿಂಗಳುಗಟ್ಟಲೆ ಹೊತ್ತು ಬೇಕು, ಬಸ್ ಚಾರ್ಜ್ ಬೇಕು, ಆ ತಿಂಗಳುಗಳ ಮನೆ ಖರ್ಚು ಬೇಕು. ಈಗ ಕನ್ನಡ ಪುಸ್ತಕದ ಲೆಕ್ಕ ನೋಡಿ. 200 ರೂಪಾಯಿಯ ಪುಸ್ತಕ, 1,000 ಪ್ರತಿ, ಶೇ 10 ಗೌರವಧನ. ಎಲ್ಲ ಪ್ರತಿ ಮಾರಾಟವಾದರೂ ಲೇಖಕರ ಕೈಗೆ 20,000 ರೂಪಾಯಿ. ಅಂಗಡಿಯಲ್ಲಿ ಎಲ್ಲ ಪ್ರತಿ ಹೋಗುವುದು ಕಷ್ಟ, ಹಾಗಾಗಿ ಪ್ರಕಾಶಕರು ನೆಚ್ಚಿಕೊಂಡಿರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ, ಪುಟಕ್ಕೆ ಇಷ್ಟು ಅಂತ. ಗ್ರಂಥಾಲಯ ಇಲಾಖೆ ನಿಮ್ಮದಲ್ಲ, ಶಿಕ್ಷಣದ ಕಡೆಯದ್ದು, ಅದು ನನಗೆ ಗೊತ್ತು. ಆದರೆ ಆ ಸಚಿವರೂ ನಿಮ್ಮದೇ ಸಂಪುಟದಲ್ಲಿ ಕೂರುತ್ತಾರೆ. ದಯವಿಟ್ಟು ಅವರ ಹತ್ತಿರ ಮಾತಾಡಿ.

ಯಾಕೆಂದರೆ ಪುಟದ ಲೆಕ್ಕಕ್ಕೆ ಒಂದು ಅರ್ಥ ಇದ್ದದ್ದು ಪುಟ ತುಂಬಿಸುವುದು ಕಷ್ಟವಾಗಿದ್ದಾಗ. ಈಗ 200 ಪುಟ ಒಂದು ಮಧ್ಯಾಹ್ನದ ಕೆಲಸ. ಸಾಧಕರ ಜೀವನಚರಿತ್ರೆ, ಮಕ್ಕಳ ನೀತಿಕಥೆ, ವ್ಯಕ್ತಿತ್ವ ವಿಕಸನ, ಸಾಮಾನ್ಯ ಜ್ಞಾನ, ಯಾವುದು ಬೇಕಾದರೂ. ಹೊರಗೆ ಇದು ಆಗಲೇ ಆಗಿದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಅನ್ನುವ ವಿಜ್ಞಾನಕಥೆಗಳ ಪತ್ರಿಕೆಗೆ ಎಐ ಕಥೆಗಳು ಎಷ್ಟು ಬಂದು ಬಿದ್ದವು ಅಂದರೆ ಅವರು ಸ್ವಲ್ಪ ಕಾಲ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆಜಾನ್, ಲೇಖಕರೇ ತಮ್ಮ ಪುಸ್ತಕ ಹಾಕುವ ತನ್ನ ಕಿಂಡಲ್ ಪ್ರಕಾಶನದಲ್ಲಿ ಒಬ್ಬರು ದಿನಕ್ಕೆ ಹೊಸದಾಗಿ 3 ಪುಸ್ತಕಕ್ಕಿಂತ ಹೆಚ್ಚು ಹಾಕಬಾರದು ಅಂತ ಮಿತಿ ತಂದಿತು. ದಿನಕ್ಕೆ 3 ಪುಸ್ತಕ, ಸಚಿವರೇ! ನಮ್ಮ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೂ, ಗ್ರಂಥಾಲಯದ ಆಯ್ಕೆ ಸಮಿತಿಯ ಮೇಜಿಗೂ ಇದು ಬರುವುದಕ್ಕೆ ಎಷ್ಟು ದಿನ ಬೇಕು?

ಎಐ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ತರಿಸೋಣ ಅಂತ ಯಾರಾದರೂ ನಿಮಗೆ ಹೇಳಬಹುದು. ದುಡ್ಡು ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು ಮಾಡಿ, ಸರಿಯಾಗಿ ಗುರುತಿಸುತ್ತಿಲ್ಲ ಅಂತ 2023ರ ಜುಲೈನಲ್ಲಿ ಮುಚ್ಚಿತು. ಅದೂ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಅದನ್ನು ನಂಬಿ ಕೂತರೆ ನಿಜವಾಗಿ ಬರೆದ ಹುಡುಗಿಯೊಬ್ಬಳ ಮೇಲೆ ಕಳ್ಳತನದ ಆರೋಪ ಬರುತ್ತದೆ. ಅದರ ಬದಲು ಅರ್ಜಿಯಲ್ಲಿ ಲೇಖಕರ ಸಹಿ ಇರುವ ಒಂದು ಸ್ವಯಂ ಘೋಷಣೆ ಕೇಳಿ: ಈ ಪುಸ್ತಕದಲ್ಲಿ ಎಐ ಬಳಸಿದ್ದೀರಾ, ಯಾವ ಭಾಗಕ್ಕೆ? ಬಳಸಿದ್ದೇನೆ ಅಂದವರನ್ನು ಶಿಕ್ಷಿಸಬೇಡಿ. ಸುಳ್ಳು ಹೇಳಿದ್ದು ಸಾಬೀತಾದರೆ ಆ ಪ್ರಕಾಶನವನ್ನು ಕೆಲವು ವರ್ಷ ಖರೀದಿಯಿಂದ ಹೊರಗಿಡಿ. ಚೊಚ್ಚಲ ಕೃತಿಯ ಯೋಜನೆಯಲ್ಲಿ ಕೊನೆಯ ಸುತ್ತಿಗೆ ಬಂದವರನ್ನು ಕರೆಸಿ ಅರ್ಧ ಗಂಟೆ ಅವರ ಪುಸ್ತಕದ ಬಗ್ಗೆ ಮಾತಾಡಿ. ಬರೆದವರಿಗೆ ಅದು ಖುಷಿಯ ಅರ್ಧ ಗಂಟೆ. ಬರೆಯದವರು ಅಲ್ಲೇ ಗೊತ್ತಾಗುತ್ತಾರೆ.

ಇನ್ನು ದುಡ್ಡಿನ ವಿಷಯ. ಡೆನ್ಮಾರ್ಕ್ 1946ರಿಂದಲೇ ಗ್ರಂಥಾಲಯದಲ್ಲಿರುವ ಪುಸ್ತಕಗಳಿಗಾಗಿ ಲೇಖಕರಿಗೆ ದುಡ್ಡು ಕೊಡುತ್ತಾ ಬಂದಿದೆ, ಈಗ ಅದು ಸಿಗುವುದು ಡ್ಯಾನಿಶ್ ಭಾಷೆಯ ಪುಸ್ತಕಗಳಿಗೆ. ಬ್ರಿಟನ್ 1979ರಲ್ಲಿ ಕಾನೂನು ತಂದಿತು. ಅಲ್ಲಿ ಗ್ರಂಥಾಲಯದಿಂದ ಓದುಗರು ಪುಸ್ತಕ ಒಯ್ದಷ್ಟೂ ಲೇಖಕರಿಗೆ ಚೂರು ಚೂರು ಸೇರುತ್ತದೆ, ದೊಡ್ಡ ಹೆಸರಿನವರೇ ಎಲ್ಲ ಬಾಚಿಕೊಳ್ಳದ ಹಾಗೆ ವರ್ಷಕ್ಕೆ 6,600 ಪೌಂಡ್ ಮಿತಿಯೂ ಇದೆ. ನಾರ್ವೆ ಸರ್ಕಾರ 1965ರಿಂದ ತನ್ನ ಭಾಷೆಯ ಹೊಸ ಸಾಹಿತ್ಯವನ್ನು ಕೊಂಡು ದೇಶದ ಗ್ರಂಥಾಲಯಗಳಿಗೆ ಹಂಚುತ್ತಿದೆ. ಡೆನ್ಮಾರ್ಕ್, ನಾರ್ವೆ ಒಂದೊಂದರಲ್ಲೂ ಇರುವ ಜನ ನಮ್ಮ ಬೆಂಗಳೂರಿಗಿಂತ ಕಡಿಮೆ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲೇ 4.37 ಕೋಟಿ. ನಮ್ಮಲ್ಲಿ ದುಡ್ಡಿನ ದಾರಿಯೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, 100 ರೂಪಾಯಿ ತೆರಿಗೆಗೆ 6 ರೂಪಾಯಿ. ಅದು ಪೂರ್ತಿ ಗ್ರಂಥಾಲಯಗಳಿಗೆ ತಲುಪುತ್ತಿಲ್ಲ ಅನ್ನುವ ದೂರು ಹಳೆಯದು. ಅದನ್ನು ತಲುಪಿಸಿ, ಅದರಲ್ಲಿ ಒಂದು ಪಾಲನ್ನು ಬದುಕಿರುವ ಕನ್ನಡ ಲೇಖಕರ ಪುಸ್ತಕ ಎಷ್ಟು ಜನ ಒಯ್ದು ಓದಿದರು ಅನ್ನುವುದರ ಮೇಲೆ ಹಂಚಿ. ಪುಟ ಎಷ್ಟಾದರೂ ಇರಲಿ.

ಕೇಂದ್ರದ ಹತ್ತಿರವೂ ನಮ್ಮ ಪರ ಮಾತಾಡಬೇಕು. 2025ರಲ್ಲಿ ಅಮೆರಿಕದಲ್ಲಿ ಆಂಥ್ರೊಪಿಕ್ ಅನ್ನುವ ಎಐ ಕಂಪನಿ, ಪುಸ್ತಕಗಳ ಕದ್ದ ಪ್ರತಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡ ಮೊಕದ್ದಮೆಯಲ್ಲಿ ಲೇಖಕರಿಗೆ, ಪ್ರಕಾಶಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು, ಪುಸ್ತಕಕ್ಕೆ ಸುಮಾರು 3,000 ಡಾಲರ್. ಆದರೆ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿದ ಪುಸ್ತಕಗಳಿಗೆ ಮಾತ್ರ. ನಮ್ಮ ಧಾರವಾಡದ, ಮೈಸೂರಿನ ಪ್ರಕಾಶಕರು ಅಲ್ಲಿಗೆ ಹೋಗಿ ಯಾಕೆ ನೋಂದಾಯಿಸುತ್ತಾರೆ? ನಮ್ಮ ದೇಶದಲ್ಲೂ ಎಐ ಕಂಪನಿಗಳು ತಮ್ಮ ಎಐಗೆ ಕಲಿಸಲು ಬಳಸುವ ಬರಹಕ್ಕೆ ಲೇಖಕರಿಗೆ ರಾಯಧನ ಕಟ್ಟಬೇಕು ಅನ್ನುವ ಪ್ರಸ್ತಾಪವನ್ನು ಕೇಂದ್ರದ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಅದು ಜಾರಿಯಾದ ದಿನ ಯಾವ ಪುಸ್ತಕ ಯಾರದ್ದು, ಹಕ್ಕು ಯಾರ ಹತ್ತಿರ ಇದೆ ಅನ್ನುವ ಪಟ್ಟಿ ಕನ್ನಡಕ್ಕೆ ತಯಾರಿರಬೇಕು. ಆ ಕೆಲಸವನ್ನು ಪುಸ್ತಕ ಪ್ರಾಧಿಕಾರ ಈಗಲೇ ಶುರು ಮಾಡಲಿ.

ಎಐ ಇನ್ನೂ ಚೆನ್ನಾಗಿ ಕನ್ನಡ ಕಲಿಯುತ್ತದೆ, ಆಮೇಲೆ ಇದ್ಯಾವುದೂ ಬೇಕಾಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಕಲಿಯುವುದು ನಾವು ಬರೆದದ್ದರಿಂದಲೇ. ತಾನೇ ಬರೆದದ್ದನ್ನು ಮತ್ತೆ ಮತ್ತೆ ತಿಂದ ಎಐ ಕೆಡುತ್ತಾ ಹೋಗುತ್ತದೆ, ಅಪರೂಪದ್ದನ್ನು ಮೊದಲು ಮರೆಯುತ್ತದೆ ಅಂತ 2024ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಸಂಶೋಧನೆಯೇ ಬಂದಿದೆ. ಅದಕ್ಕೆ ಕಲಿಯಲು ಕನ್ನಡದ ಬರಹವೇ ಕಡಿಮೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ಲೇಖನ ಇದ್ದರೆ ಕನ್ನಡದಲ್ಲಿ ಇರುವುದು ಮೂವತ್ತು ಸಾವಿರ ಚಿಲ್ಲರೆ. ಕುಂದಾಪ್ರ ಕನ್ನಡ, ಅರೆಭಾಷೆ, ಕಲಬುರಗಿಯ ಮಾತು ಇವೆಲ್ಲ ಬರಹದಲ್ಲಿ ಇನ್ನೂ ಎಷ್ಟು ಕಡಿಮೆ ಇವೆ ಅಂತ ನಿಮಗೇ ಗೊತ್ತು.

ಕರ್ನಾಟಕ ಸಾಹಿತ್ಯ ಅಕಾಡೆಮಿಯ ಕಮ್ಮಟಗಳು ನಿಮ್ಮ ಇಲಾಖೆಯ ಕೈಯಲ್ಲೇ ಇವೆ. ಮೂರು ದಿನ ಸಭಾಂಗಣದಲ್ಲಿ ಕೂರಿಸಿ ಭಾಷಣ ಕೇಳಿಸುವ ಬದಲು ಆ ಮಕ್ಕಳನ್ನು ಮೀನುದೋಣಿ ನಿಲ್ಲುವ ಒಂದು ದಕ್ಕೆಗೆ, ಒಂದು ಗಾರ್ಮೆಂಟ್ಸ್ ಗೇಟಿಗೆ, ಒಂದು ಎಪಿಎಂಸಿ ಯಾರ್ಡಿಗೆ ಕಳಿಸಿ, ಕೇಳಿಸಿಕೊಂಡು ಬರೆಯುವುದಕ್ಕೆ ಆರು ತಿಂಗಳ ಸಹಾಯಧನ ಕೊಡಿ. ಘೋಷಣೆಯ ಒಂದು ಸಾಲು ಸೇರಿಸುವುದಕ್ಕೆ ಬಜೆಟ್ ಬೇಕಿಲ್ಲ, ಮುಂದಿನ ಅರ್ಜಿಯಲ್ಲೇ ಸೇರಿಸಬಹುದು. ಪುಟದ ದರದ ಬಗ್ಗೆ ಲೇಖಕರು, ಅನುವಾದಕರು, ಪ್ರಕಾಶಕರು, ಗ್ರಂಥಪಾಲಕರು ಎಲ್ಲರನ್ನೂ ಸೇರಿಸಿ ಒಂದು ಸಭೆ ಕರೆಯಿರಿ. ಕರೆದರೆ ನನ್ನ ಖರ್ಚಿನಲ್ಲೇ ಬೆಂಗಳೂರಿಗೆ ಬರುತ್ತೇನೆ, ನನ್ನ ಹಾಗೆ ತಿದ್ದುವ ಕೆಲಸಕ್ಕೆ ಇಳಿದಿರುವ ಇನ್ನೂ ಕೆಲವರನ್ನು ಕರೆದುಕೊಂಡು ಬರುತ್ತೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಬರಹಗಾರ್ತಿ